ಟ್ರೋಲ್: ಗೇಲಿ ಎಲ್ಲಿ ಮುಗಿಯುತ್ತದೆ, ಕಿರುಕುಳ ಎಲ್ಲಿ ಶುರುವಾಗುತ್ತದೆ

2019ರ ಲೋಕಸಭಾ ಚುನಾವಣೆಯ ಹೊತ್ತಿನಲ್ಲಿ ಇಡೀ ರಾಜ್ಯದ ಕಣ್ಣು ಮಂಡ್ಯದ ಮೇಲಿತ್ತು. ಒಂದು ಕಡೆ ಆಗಿನ ಮುಖ್ಯಮಂತ್ರಿ ಎಚ್.ಡಿ. ಕುಮಾರಸ್ವಾಮಿ ಅವರ ಮಗ ನಿಖಿಲ್ ಕುಮಾರಸ್ವಾಮಿ, ಇನ್ನೊಂದು ಕಡೆ ಪಕ್ಷೇತರರಾಗಿ ನಿಂತಿದ್ದ ಸುಮಲತಾ ಅಂಬರೀಶ್. ಆ ದಿನಗಳಲ್ಲಿ ಯಾವ ಪ್ರಚಾರ ಭಾಷಣಕ್ಕಿಂತಲೂ ಹೆಚ್ಚು ಓಡಾಡಿದ್ದು ಕೆಲವು ಸೆಕೆಂಡುಗಳ ಒಂದು ಹಳೆಯ ವಿಡಿಯೊ ತುಣುಕು. ಸಿನಿಮಾ ಸಮಾರಂಭವೊಂದರ ವೇದಿಕೆಯ ಮೇಲಿಂದ ತಂದೆ ‘ನಿಖಿಲ್ ಎಲ್ಲಿದ್ದೀಯಪ್ಪಾ’ ಎಂದು ಕರೆಯುತ್ತಾರೆ, ಜನರ ಮಧ್ಯದಿಂದ ಮಗ ಓಗೊಡುತ್ತಾರೆ. ಅಷ್ಟೇ ಇದ್ದ ಆ ತುಣುಕು ನೂರಾರು ರೂಪ ತಾಳಿತು. ಮದುವೆ ಮನೆಯಲ್ಲಿ, ಕಾಲೇಜಿನ ಅಂಗಳದಲ್ಲಿ, ಬಸ್ಸಿನೊಳಗೆ ಅದೇ ಮಾತು ಕೇಳಿಬಂತು. ಸುಮಲತಾ 1,25,876 ಮತಗಳ ಅಂತರದಿಂದ ಗೆದ್ದರು. ಆ ಗೆಲುವಿಗೆ ಟ್ರೋಲೇ ಕಾರಣವೆನ್ನುವುದು ಅತಿಯಾದೀತು. 2018ರ ನವೆಂಬರಿನಲ್ಲಿ ಅಂಬರೀಶ್ ತೀರಿಕೊಂಡ ದುಃಖ, ಮೈತ್ರಿ ಪಕ್ಷಗಳೊಳಗಿನ ಬಿರುಕು, ಚಿತ್ರನಟರ ಪ್ರಚಾರ ಇವೆಲ್ಲಕ್ಕೂ ಅದರಲ್ಲಿ ಪಾಲಿತ್ತು. ಆದರೆ ‘ಟ್ರೋಲ್’ ಎಂಬ ಪದ ನಮ್ಮ ಸೀಮೆಯ ಮನೆಮನೆಯ ಮಾತಾಗುವಲ್ಲಿ ಆ ಚುನಾವಣೆಯ ಪಾತ್ರ ದೊಡ್ಡದು.

ಆರು ವರ್ಷಗಳ ನಂತರ, 2025ರ ಜುಲೈನಲ್ಲಿ, ಇದೇ ಮಂಡ್ಯವನ್ನು ಲೋಕಸಭೆಯಲ್ಲಿ ಪ್ರತಿನಿಧಿಸಿದ್ದ ನಟಿ ರಮ್ಯಾ ಅವರು ಬೆಂಗಳೂರಿನ ಪೊಲೀಸ್ ಆಯುಕ್ತರಿಗೆ ದೂರು ಕೊಟ್ಟರು. ನಟ ದರ್ಶನ್ ಆರೋಪಿಯಾಗಿರುವ ಕೊಲೆ ಪ್ರಕರಣದ ಕುರಿತು ಅವರು ತಮ್ಮ ಖಾತೆಯಲ್ಲಿ ಅಭಿಪ್ರಾಯ ಬರೆದಿದ್ದರು. ಅದಕ್ಕೆ ಉತ್ತರವಾಗಿ ಅಶ್ಲೀಲ ಬೈಗುಳ, ಅತ್ಯಾಚಾರ ಮತ್ತು ಕೊಲೆಯ ಬೆದರಿಕೆಗಳ ಸಂದೇಶಗಳು ಬಂದವು. ದೂರಿನಲ್ಲಿ 43 ಖಾತೆಗಳ ಪಟ್ಟಿಯಿತ್ತು. ಮುಂದೆ ಬಂಧನಗಳೂ ಆದವು. ಇದನ್ನೂ ಎಷ್ಟೋ ಮಂದಿ ‘ಟ್ರೋಲ್’ ಎಂದೇ ಕರೆದರು. ಮುಖ್ಯಮಂತ್ರಿಯ ಮಗನನ್ನು ಚುನಾವಣೆಯಲ್ಲಿ ಗೇಲಿ ಮಾಡುವುದಕ್ಕೂ ಒಬ್ಬ ಹೆಣ್ಣುಮಗಳಿಗೆ ಅತ್ಯಾಚಾರದ ಬೆದರಿಕೆ ಹಾಕುವುದಕ್ಕೂ ನಾವು ಒಂದೇ ಹೆಸರು ಇಟ್ಟುಕೊಂಡಿದ್ದೇವೆ. ಹಾಗೆ ಮಾಡಿದಾಗ ಗೇಲಿ ಮಾಡಿದವರಿಗೆ ಯಾವ ಲಾಭವೂ ಇಲ್ಲ. ಬೆದರಿಕೆ ಹಾಕಿದವನಿಗೆ ಮಾತ್ರ ‘ಸುಮ್ನೆ ತಮಾಷೆಗೆ ಟ್ರೋಲ್ ಮಾಡಿದ್ದು ಸಾರ್’ ಎಂಬ ಮರೆ ಸಿಗುತ್ತದೆ. ಈ ಲೇಖನದ ಕಾಳಜಿ ಇರುವುದು ಅಲ್ಲಿ.

ಈ ಪದ ಹುಟ್ಟಿದ ಜಾಗದಲ್ಲಿ ಅದರ ಅರ್ಥ ತೀರ ಚಿಕ್ಕದಿತ್ತು. ವೆಬ್ ಬರುವುದಕ್ಕೂ ಮೊದಲೇ, 1980ರ ಸುಮಾರಿಗೆ, ಅಮೆರಿಕದ ವಿಶ್ವವಿದ್ಯಾಲಯಗಳ ನಡುವೆ ಯೂಸ್‌ನೆಟ್ ಎಂಬ ಚರ್ಚಾಜಾಲ ಆರಂಭವಾಯಿತು. 1990ರ ದಶಕದ ಮೊದಲ ವರ್ಷಗಳಲ್ಲಿ ಅಲ್ಲಿನ ಹಳಬರು, ಎಲ್ಲರಿಗೂ ತಪ್ಪೆಂದು ಗೊತ್ತಿರುವ ಹೇಳಿಕೆಯೊಂದನ್ನು ಬೇಕೆಂದೇ ಬರೆದು, ಅದನ್ನು ತಿದ್ದಲು ಓಡೋಡಿ ಬರುವ ಹೊಸಬರನ್ನು ಕಂಡು ನಗುತ್ತಿದ್ದರು. ದೋಣಿಯ ಹಿಂದೆ ಗಾಳದ ದಾರ ಎಳೆದುಕೊಂಡು ಹೋಗಿ ಮೀನು ಹಿಡಿಯುವ ಕ್ರಮಕ್ಕೆ ಇಂಗ್ಲಿಷಿನಲ್ಲಿ ಇರುವ ಹೆಸರೇ ಈ ಆಟಕ್ಕೂ ಬಂತು. ಸ್ಕ್ಯಾಂಡಿನೇವಿಯಾದ ಜನಪದ ಕಥೆಗಳ ಅದೇ ಹೆಸರಿನ ರಾಕ್ಷಸ ಆಮೇಲೆ ಅರ್ಥದೊಳಕ್ಕೆ ಸೇರಿಕೊಂಡಿತು. ಆ ಜಾಲಗಳಲ್ಲಿ ಬೈದಾಟಕ್ಕೆ ಒಂದು ಪದ, ಮಾತಾಡದೆ ಓದುತ್ತ ಕೂರುವವನಿಗೆ ಒಂದು ಪದ, ಹೊಸಬನಿಗೆ ಒಂದು ಪದ ಇದ್ದವು. ಒಬ್ಬನೇ ಎರಡು ಮೂರು ಹೆಸರಿನಲ್ಲಿ ಬಂದು ತನ್ನನ್ನು ತಾನೇ ಹೊಗಳಿಕೊಳ್ಳುವುದಕ್ಕೂ ಒಂದು ಹೆಸರಿತ್ತು. ನಾವು ಇಂದು ‘ಫೇಕ್ ಐಡಿ’ ಎನ್ನುವುದು ಅದರದೇ ಸಂತಾನ.

ತಿರುವು ಬಂದದ್ದು 2003ರ ಬಳಿಕ. ಆ ವರ್ಷ ಕ್ರಿಸ್ಟೊಫರ್ ಪೂಲ್ ಎಂಬ ಹದಿಹರೆಯದ ಅಮೆರಿಕನ್ ಹುಡುಗ ‘ಫೋರ್‌ಚಾನ್’ ಎಂಬ ತಾಣವನ್ನು ತೆರೆದ. ಅಲ್ಲಿ ಬರೆಯಲು ಹೆಸರು ಬೇಕಿರಲಿಲ್ಲ, ಬರೆದದ್ದು ಹೆಚ್ಚು ಕಾಲ ಉಳಿಯುತ್ತಲೂ ಇರಲಿಲ್ಲ. ಆ ವಾತಾವರಣದಲ್ಲಿ ‘ಲುಲ್ಜ್’ ಎಂಬ ಪದ ಬಲವಾಗಿ ಬೇರೂರಿತು. ಬೇರೊಬ್ಬರ ಸಂಕಟದಿಂದ ಸಿಗುವ ನಗು ಎಂಬುದೇ ಅದರ ತಿರುಳು. ಸತ್ತವರ ನೆನಪಿಗಾಗಿ ಮಾಡಿದ ಪುಟಗಳಿಗೆ ಹೋಗಿ ಮನೆಯವರನ್ನು ಹಂಗಿಸುವ ಕೃತ್ಯಗಳೂ ಆ ಕಾಲದಲ್ಲಿ ನಡೆದವು. ಹೊಸಬರ ಗಡಿಬಿಡಿಯನ್ನು ಕಂಡು ನಗುವ ಆಟ, ಬೇರೆಯವರ ನೋವನ್ನೇ ಹುಡುಕಿಕೊಂಡು ಹೋಗುವ ಆಟವಾಯಿತು. ಹೆಸರು ಮಾತ್ರ ಬದಲಾಗಲಿಲ್ಲ.

ಇಂಥ ಗುಂಪುಮಾತು ಬರಿಯ ಸಂಕ್ಷಿಪ್ತ ಮಾತಲ್ಲ, ಅದಕ್ಕೊಂದು ಕೆಲಸವಿದೆ. ಒಳಗಿನವರು ಯಾರು, ಹೊರಗಿನವರು ಯಾರು ಎಂಬುದನ್ನು ಅದು ತೋರಿಸುತ್ತದೆ. ಅದಕ್ಕಿಂತ ಮುಖ್ಯವಾಗಿ, ಮಾಡುತ್ತಿರುವ ಕೆಲಸದ ತೂಕವನ್ನು ಇಳಿಸುತ್ತದೆ. ಕನ್ನಡದ ಟ್ರೋಲ್ ಪೇಜುಗಳ ಕೆಳಗಿನ ಕಾಮೆಂಟುಗಳನ್ನು ಒಂದು ಗಂಟೆ ಕೂತು ಓದಿದರೆ ಇದು ಕಣ್ಣಿಗೆ ಕಟ್ಟುತ್ತದೆ. ಯಾರನ್ನಾದರೂ ಅವಮಾನಿಸಿದರೆ ಅದು ‘ರೋಸ್ಟ್’. ಅವಮಾನಗೊಂಡವರು ಬೇಸರ ತೋರಿಸಿದರೆ ‘ಉರ್ಕೊಂಡ್ರು’, ‘ಬರ್ನಾಲ್ ಹಚ್ಕೊಳ್ಳಿ’. ಯಾರದಾದರೂ ಮುಗ್ಧತೆಯೋ ಬಡತನವೋ ಕ್ಯಾಮೆರಾಕ್ಕೆ ಸಿಕ್ಕರೆ ಅವರು ‘ಕಾಮಿಡಿ ಪೀಸ್’, ಇಲ್ಲವೇ ಬರೀ ‘ಕಂಟೆಂಟ್’. ನ್ಯಾಯ ಕೇಳಿದವರು ‘ಬಕೆಟ್’ ಹಿಡಿಯುವವರು, ಬೇರೆ ನಟನ ಅಭಿಮಾನಿಗಳು ‘ಗುಲಾಮರು’. ಈ ಪದಗಳಲ್ಲಿ ನನ್ನನ್ನು ಹೆಚ್ಚು ಕಾಡುವುದು ‘ಉರ್ಕೊಂಡ್ರು’ ಎಂಬುದು. ನೋವಾಯಿತು ಎಂದು ಹೇಳುವ ದಾರಿಯನ್ನೇ ಅದು ಮುಚ್ಚುತ್ತದೆ. ನೋವು ತೋಡಿಕೊಂಡಷ್ಟೂ ಎದುರಿನವರ ಗೆಲುವಿಗೆ ಅದು ಪುರಾವೆಯಾಗುತ್ತದೆ. ಸುಮ್ಮನಿದ್ದರೆ ಒಪ್ಪಿಕೊಂಡಂತೆ, ಮಾತಾಡಿದರೆ ಉರಿದುಕೊಂಡಂತೆ. ಎರಡು ಕಡೆಯೂ ಬಾಗಿಲು ಹಾಕಿದ ಮೇಲೆ ಅದನ್ನು ಆಟವೆನ್ನಲು ಬರುವುದಿಲ್ಲ.

ಗೇಲಿ ನಮಗೆ ಹೊಸದೇನೂ ಅಲ್ಲ. ಮೈಸೂರು, ಮಂಡ್ಯದ ಹಳ್ಳಿಗಳ ಮದುವೆಗಳಲ್ಲಿ ಬೀಗರ ಹಾಡಿನ ಸಂಪ್ರದಾಯವಿದೆ. ಗಂಡಿನ ಕಡೆಯ ಹೆಂಗಸರು ಹೆಣ್ಣಿನ ಕಡೆಯವರ ಊಟ, ಉಡುಪು, ನಡೆ ಎಲ್ಲವನ್ನೂ ಹಾಡಿನಲ್ಲೇ ಹೀಗಳೆಯುತ್ತಾರೆ. ಅವರು ಅದಕ್ಕಿಂತ ಖಾರವಾಗಿ ತಿರುಗಿಸಿ ಹಾಡುತ್ತಾರೆ. ಮೂಡಲಪಾಯದ ಆಟದಲ್ಲಿ ಕೋಡಂಗಿ ರಾಜವೇಷದವನನ್ನು ರಂಗದ ಮೇಲೆಯೇ ಅಣಕಿಸುತ್ತಾನೆ. ಈ ಗೇಲಿಗೆ ಯಾರೂ ಬರೆದಿಡದ ಕಟ್ಟುಪಾಡುಗಳಿದ್ದವು. ಹಾಡಿಸಿಕೊಂಡವರು ಎದುರಿಗೇ ಕೂತಿರುತ್ತಿದ್ದರು, ಮರುಹಾಡಿನ ಸರದಿ ಅವರಿಗೂ ಬರುತ್ತಿತ್ತು, ಧಾರೆ ಮುಗಿದು ಊಟದ ಎಲೆ ಹಾಕಿದ ಮೇಲೆ ಹಾಡು ನಿಲ್ಲುತ್ತಿತ್ತು. ಇದನ್ನು ಅಳತೆಗೋಲಾಗಿ ಇಟ್ಟುಕೊಂಡರೆ ಇಂದಿನ ಟ್ರೋಲ್‌ಗಳನ್ನು ಬಿಡಿಸಿ ನೋಡುವುದು ಸುಲಭವಾಗುತ್ತದೆ. ಗುರಿಯಾದವರಿಗೆ ತಿರುಗಿ ಹೇಳುವ ಶಕ್ತಿಯಿದೆಯೇ? ಗೇಲಿ ಅವರ ಸಾರ್ವಜನಿಕ ನಡೆಯ ಮೇಲೋ ಅಥವಾ ದೇಹ, ಜಾತಿ, ಹೆಣ್ತನದ ಮೇಲೋ? ಅದು ಒಂದು ದಿನ ನಿಲ್ಲುತ್ತದೆಯೇ? 2019ರ ಆ ತುಣುಕಿನಲ್ಲಿ ಗುರಿಯಾದವರ ಕೈಯಲ್ಲಿ ವೇದಿಕೆಯಿತ್ತು, ಪಕ್ಷವಿತ್ತು, ಮಾಧ್ಯಮವಿತ್ತು. ಅಧಿಕಾರದಲ್ಲಿರುವವರನ್ನು ನಗಾಡುವ ಹಕ್ಕು ಪ್ರಜೆಗೆ ಬೇಕೇ ಬೇಕು, ಅದು ಎಷ್ಟೇ ಚುಚ್ಚಿದರೂ.

ಆ ಹಕ್ಕು ಕೆಳಮುಖವಾಗಿ ತಿರುಗಿದ್ದನ್ನು ನಾವು 2023ರಲ್ಲಿ ಕಂಡೆವು. ಆ ವರ್ಷದ ಜೂನ್ 11ರಂದು ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಉಚಿತ ಪ್ರಯಾಣ ಕೊಡುವ ‘ಶಕ್ತಿ’ ಯೋಜನೆ ಜಾರಿಯಾಯಿತು. ಬಸ್ಸುಗಳು ತುಂಬಿದವು, ಚಾಮುಂಡಿ ಬೆಟ್ಟಕ್ಕೆ, ನಂಜನಗೂಡಿಗೆ, ಧರ್ಮಸ್ಥಳಕ್ಕೆ ಹೆಂಗಸರು ಗುಂಪಾಗಿ ಹೊರಟರು, ಅದರ ಬೆನ್ನಿಗೇ ಮೀಮುಗಳು ಬಂದವು. ಇಂಥ ವಿಡಿಯೊ ಹೇಗೆ ತಯಾರಾಗುತ್ತದೆ ಎಂಬುದನ್ನು ಹತ್ತಿರದಿಂದ ನೋಡಬೇಕು. ಬಸ್ ನಿಲ್ದಾಣದಲ್ಲಿ ಮೈಕು ಹಿಡಿದವನೊಬ್ಬ ಕೂಲಿ ಮಾಡುವ ಹೆಂಗಸನ್ನು ‘ಎಲ್ಲಿಗೆ ಹೊರಟ್ರಿ ಅಮ್ಮ’ ಎಂದು ಕೇಳುತ್ತಾನೆ. ಆಕೆ ಮಗಳ ಮನೆಯ ವಿಷಯ, ಆಸ್ಪತ್ರೆಯ ವಿಷಯ ಹೇಳಿ, ಕೊನೆಯಲ್ಲಿ ನಗುತ್ತ ‘ಹಂಗೇ ದೇವರ ದರ್ಶನನೂ ಮಾಡ್ಕೊಂಡ್ ಬರದು’ ಎನ್ನುತ್ತಾಳೆ. ಎಡಿಟ್ ಮಾಡುವವನು ಮೊದಲ ಭಾಗವನ್ನೆಲ್ಲ ಕತ್ತರಿಸಿ ಈ ಕೊನೆಯ ಸಾಲನ್ನು ಮಾತ್ರ ಉಳಿಸುತ್ತಾನೆ. ಆಕೆಯ ಮುಖವನ್ನು ಹಿಗ್ಗಿಸಿ ನಿಲ್ಲಿಸುತ್ತಾನೆ, ಚಿತ್ರವನ್ನು ಕಪ್ಪುಬಿಳುಪು ಮಾಡುತ್ತಾನೆ, ಹಿಂದೆ ಹಾಸ್ಯನಟನೊಬ್ಬನ ನಗೆಯ ಧ್ವನಿ ಸೇರಿಸುತ್ತಾನೆ, ಮೇಲೆ ‘ಗಂಡನ್ನ ಬಿಟ್ಟು ಟೂರ್’ ಎಂದು ದಪ್ಪಕ್ಷರದಲ್ಲಿ ಬರೆಯುತ್ತಾನೆ. ಆಕೆ ಹೇಳಿದ ಒಂದು ಮಾತೂ ಸುಳ್ಳಾಗಿ ತೋರಿಸಿಲ್ಲ. ಆದರೂ ಇಡೀ ಆಕೆ ಸುಳ್ಳಾಗಿಬಿಟ್ಟಳು. ಅದು ವಾಟ್ಸಾಪಿನ ಮೂಲಕ ಆಕೆಯ ಊರಿಗೆ, ಬೀಗರ ಮನೆಗೆ, ಮಗನ ಶಾಲೆಗೆ ತಲುಪುತ್ತದೆ. ಆಕೆಯ ಬಳಿ ಮರುಹಾಡು ಹಾಡಲು ಯಾವ ಪೇಜೂ ಇಲ್ಲ. ಯೋಜನೆಯನ್ನು ಟೀಕಿಸುವುದು ಬೇರೆ, ಸಾರಿಗೆ ಸಂಸ್ಥೆಯ ಲೆಕ್ಕ ಕೇಳುವುದು ಬೇರೆ. ಇಲ್ಲಿ ಸರ್ಕಾರವನ್ನು ಕೇಳಬೇಕಾದ ಪ್ರಶ್ನೆಯ ಬೆಲೆಯನ್ನು ಬಸ್ಸಿನ ಕಂಬಿ ಹಿಡಿದು ನಿಂತಿದ್ದ ಹೆಂಗಸು ತೆತ್ತಳು.

ಇದು ಇಷ್ಟು ಬೇಗ ಹರಡುವುದಕ್ಕೆ ಜನರ ಕೆಟ್ಟತನವೊಂದೇ ಕಾರಣವಲ್ಲ. ಯಾವ ಪೋಸ್ಟನ್ನು ಹೆಚ್ಚು ಜನರಿಗೆ ತೋರಿಸಬೇಕೆಂಬ ಲೆಕ್ಕಾಚಾರದಲ್ಲಿ ಫೇಸ್‌ಬುಕ್ 2017ರಲ್ಲಿ ಸಿಟ್ಟಿನ ಮುಖವೂ ಸೇರಿದಂತೆ ಎಮೋಜಿ ಪ್ರತಿಕ್ರಿಯೆಗಳಿಗೆ ಸಾಮಾನ್ಯ ಲೈಕಿಗಿಂತ ಐದು ಪಟ್ಟು ತೂಕ ಕೊಟ್ಟಿತ್ತೆಂಬುದು ಕಂಪನಿಯ ಒಳಗಿನ ದಾಖಲೆಗಳು 2021ರಲ್ಲಿ ಹೊರಬಿದ್ದಾಗ ತಿಳಿಯಿತು. ಮುಂದೆ ಹಂತಹಂತವಾಗಿ ಸಿಟ್ಟಿನ ಮುಖದ ತೂಕವನ್ನು ಸೊನ್ನೆಗೆ ಇಳಿಸಲಾಯಿತು. ಎಕ್ಸ್ ತಾಣವು 2023ರಿಂದ ಹೆಚ್ಚು ನೋಡಿಸಿಕೊಳ್ಳುವ ಖಾತೆಗಳಿಗೆ ಹಣದ ಪಾಲು ಕೊಡುತ್ತಿದೆ. ಹಾಗಾಗಿ ಬೈಯಲು ಬಂದವನೂ ಪೇಜಿನ ಅಡ್ಮಿನ್‌ಗೆ ಗಿರಾಕಿಯೇ. ‘ರೀಚ್’ ಏರಿದ ಮೇಲೆ ಅದೇ ಪೇಜು ಹೊಸ ಸಿನಿಮಾಕ್ಕೋ ಸ್ಥಳೀಯ ರಾಜಕಾರಣಿಗೋ ಪ್ರಚಾರದ ಜಾಗವಾಗುತ್ತದೆ. ಸಿಟ್ಟು ಬರಿಸಲೆಂದೇ ಮಾಡುವ ಪೋಸ್ಟಿಗೆ ಇಂಗ್ಲಿಷಿನವರು ‘ರೇಜ್ ಬೇಟ್’ ಎನ್ನುತ್ತಾರೆ. ಆಕ್ಸ್‌ಫರ್ಡ್ ನಿಘಂಟಿನ ಪ್ರಕಾಶಕರು 2025ರ ವರ್ಷದ ಪದವಾಗಿ ಆರಿಸಿದ್ದು ಅದನ್ನೇ.

ಟ್ರೋಲ್ ಮಾಡುವವರು ಯಾರು ಎಂಬ ಪ್ರಶ್ನೆಗೆ ಸಂಶೋಧನೆ ಕೊಡುವ ಉತ್ತರ ಸ್ವಲ್ಪ ಅಹಿತಕರವಾದದ್ದು. ಕೆನಡಾದ ಮನಶ್ಶಾಸ್ತ್ರಜ್ಞರು 2014ರಲ್ಲಿ ಪ್ರಕಟಿಸಿದ ಅಧ್ಯಯನವು ಟ್ರೋಲ್ ಮಾಡುವುದನ್ನು ಇಷ್ಟಪಡುವವರಲ್ಲಿ ಪರಪೀಡನೆಯಲ್ಲಿ ಸುಖ ಕಾಣುವ ಗುಣ ಹೆಚ್ಚೆಂದು ತೋರಿಸಿತು. ಇದನ್ನು ಓದಿ ‘ಅವರು ಬೇರೆ, ನಾವು ಬೇರೆ’ ಎಂದು ಸಮಾಧಾನ ಪಡಬಹುದಿತ್ತು. ಆದರೆ 2017ರಲ್ಲಿ ಸ್ಟ್ಯಾನ್‌ಫರ್ಡ್ ಮತ್ತು ಕಾರ್ನೆಲ್ ವಿಶ್ವವಿದ್ಯಾಲಯಗಳ ಸಂಶೋಧಕರು ಬೇರೊಂದು ಪ್ರಯೋಗ ಮಾಡಿದರು. ಕೆಲವರಿಗೆ ಸುಲಭದ, ಕೆಲವರಿಗೆ ಕಷ್ಟದ ಪರೀಕ್ಷೆ ಕೊಟ್ಟು, ನಂತರ ಒಂದು ಲೇಖನದ ಕೆಳಗೆ ಅಭಿಪ್ರಾಯ ಬರೆಯಿಸಿದರು. ಮನಸ್ಸು ಕೆಡದೆ, ಮೊದಲಿದ್ದ ಕಾಮೆಂಟುಗಳೂ ಸೌಮ್ಯವಾಗಿದ್ದಾಗ 35 ಪ್ರತಿಶತ ಮಂದಿ ಟ್ರೋಲ್ ಎನ್ನಬಹುದಾದ ಮಾತು ಬರೆದರು. ಮನಸ್ಸು ಕೆಟ್ಟು, ಮೇಲಿನ ಕಾಮೆಂಟುಗಳೂ ಒರಟಾಗಿದ್ದಾಗ ಆ ಪ್ರಮಾಣ 68ಕ್ಕೆ ಏರಿತು. ಅಂದರೆ ಸಾಮಾನ್ಯ ಮನುಷ್ಯ, ದಿನವಿಡೀ ದುಡಿದು ದಣಿದು, ರಾತ್ರಿ ಮೊಬೈಲ್ ತೆರೆದಾಗ ಮೊದಲ ನಾಲ್ಕು ಕಾಮೆಂಟು ಬೈಗುಳವಾಗಿದ್ದರೆ ಐದನೆಯದನ್ನು ತಾನೇ ಬರೆಯುವ ಸಾಧ್ಯತೆ ಹೆಚ್ಚು. ಎದುರಿನವರ ಮುಖ ಕಾಣದಿದ್ದಾಗ ಮನುಷ್ಯರ ಸಂಕೋಚ ಸಡಿಲವಾಗುತ್ತದೆ ಎಂಬುದನ್ನು ಜಾನ್ ಸುಲರ್ ಎಂಬ ಮನಶ್ಶಾಸ್ತ್ರಜ್ಞರು 2004ರಲ್ಲೇ ವಿವರಿಸಿದ್ದರು. ಆದ್ದರಿಂದ ಪೇಜಿನ ಅಡ್ಮಿನ್ ಮೊದಲ ಹತ್ತು ಕಾಮೆಂಟುಗಳಲ್ಲಿ ಯಾವುದನ್ನು ಉಳಿಸುತ್ತಾನೆ, ಯಾವುದನ್ನು ಅಳಿಸುತ್ತಾನೆ ಎಂಬುದು ಸಣ್ಣ ವಿಷಯವಲ್ಲ.

ಒಂದು ಪೋಸ್ಟು ಪರದೆಯಿಂದ ಬೀದಿಗೆ ಇಳಿಯಲು ಎಷ್ಟು ಹೊತ್ತು ಸಾಕು ಎಂಬುದನ್ನು ಮೈಸೂರು ಕಂಡಿದೆ. 2025ರ ಫೆಬ್ರುವರಿಯಲ್ಲಿ ದೆಹಲಿ ವಿಧಾನಸಭೆಯ ಫಲಿತಾಂಶ ಬಂದ ಬೆನ್ನಲ್ಲೇ, ಸೋತ ಪಕ್ಷಗಳ ನಾಯಕರನ್ನು ಅಣಕಿಸುವ ಚಿತ್ರವೊಂದು, ಒಂದು ಧರ್ಮದವರ ಭಾವನೆಗೆ ಧಕ್ಕೆ ತರುವ ಬರಹದ ಸಮೇತ, ನಗರದಲ್ಲಿ ಹರಿದಾಡಿತು. ಫೆಬ್ರುವರಿ 10ರ ರಾತ್ರಿ ಉದಯಗಿರಿ ಪೊಲೀಸ್ ಠಾಣೆಯ ಮುಂದೆ ಜನ ಸೇರಿದರು, ಠಾಣೆಯ ಮೇಲೆ ಕಲ್ಲುಗಳು ಬಿದ್ದವು, ಪೊಲೀಸರು ಗಾಯಗೊಂಡರು. ಕಲ್ಲೆಸೆದದ್ದಕ್ಕೆ ಪೋಸ್ಟು ಸಮರ್ಥನೆಯಾಗದು. ಆ ಅಪರಾಧ ಕಲ್ಲೆಸೆದವರದೇ. ಆದರೆ ಪೋಸ್ಟು ಹಾಕಿದವನು ಅದು ಬರೀ ಟ್ರೋಲ್ ಎಂದು ಹೇಳಿ ಜಾರಿಕೊಳ್ಳಲೂ ಬಾರದು. 2005ರಿಂದ ‘ಪೋ ನಿಯಮ’ ಎಂಬ ಮಾತು ಚಾಲ್ತಿಯಲ್ಲಿದೆ: ಬರೆದವರ ಉದ್ದೇಶ ತಿಳಿಸುವ ಸುಳಿವಿಲ್ಲದಿದ್ದರೆ, ಉಗ್ರ ಅಭಿಪ್ರಾಯದ ಅಣಕಕ್ಕೂ ನಿಜವಾದ ಉಗ್ರ ಅಭಿಪ್ರಾಯಕ್ಕೂ ಓದುಗ ವ್ಯತ್ಯಾಸ ಕಾಣಲಾರ. ಫಾರ್ವರ್ಡ್ ಆದ ಚಿತ್ರದ ಜೊತೆ ಯಾವ ಸುಳಿವೂ ಪ್ರಯಾಣ ಮಾಡುವುದಿಲ್ಲ.

ಕಂಪನಿಗಳು ತಮ್ಮ ಯಂತ್ರಗಳು ಬೈಗುಳವನ್ನು ಹಿಡಿಯುತ್ತವೆ ಎನ್ನುತ್ತವೆ. ಕನ್ನಡದ ಮಟ್ಟಿಗೆ ಆ ಮಾತನ್ನು ನಂಬುವುದು ಕಷ್ಟ. ದ್ರಾವಿಡ ಭಾಷೆಗಳ ಆಕ್ಷೇಪಾರ್ಹ ಕಾಮೆಂಟುಗಳನ್ನು ಗುರುತಿಸಲು ಸಂಶೋಧಕರು ಯೂಟ್ಯೂಬಿನಿಂದ ಕಲೆಹಾಕಿ 2021ರ ಹೊತ್ತಿಗೆ ಬಿಡುಗಡೆ ಮಾಡಿದ ಸಂಗ್ರಹದಲ್ಲಿ ತಮಿಳಿನವು ಸುಮಾರು 44,000, ಮಲಯಾಳದವು ಸುಮಾರು 20,000, ಕನ್ನಡದವು ಸುಮಾರು 7,000 ಮಾತ್ರ. ಅದೂ ಅಲ್ಲದೆ ನಮ್ಮವರು ಬೈಯುವುದು ಬಹುಪಾಲು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದ ಕನ್ನಡದಲ್ಲಿ. ಒಂದೇ ಬೈಗುಳಕ್ಕೆ ಹತ್ತು ಕಾಗುಣಿತ, ನಡುವೆ ಅಂಕಿ, ಚುಕ್ಕೆ. ಇನ್ನು ಮಂಡ್ಯದ ಮಾತಿನ ವಿಚಾರ. ‘ಏನ್ಲಾ’, ‘ಬಾರ್ಲಾ’ ಎಂಬುದು ಜೊತೆಗಾರನ ಬಾಯಲ್ಲಿ ಅಕ್ಕರೆ. ಅದನ್ನೇ ಗುರುತಿಲ್ಲದವನು ದಲಿತ ಲೇಖಕರೊಬ್ಬರ ಪೋಸ್ಟಿನ ಕೆಳಗೆ ಬರೆದರೆ ಅದು ತಲೆಮಾರುಗಳ ಅವಮಾನವನ್ನು ಹೊತ್ತು ಬರುತ್ತದೆ. ಆ ಎರಡರ ನಡುವಿನ ಅಂತರ ತಿಳಿಯಲು ಈ ಸೀಮೆಯಲ್ಲಿ ಬೆಳೆದ ಕಿವಿ ಬೇಕು. ಕನ್ನಡ ಬಲ್ಲ, ಅದರಲ್ಲೂ ಪ್ರಾದೇಶಿಕ ಬಳಕೆ ಬಲ್ಲ ಪರಿಶೀಲಕರನ್ನು ಕಂಪನಿಗಳು ನೇಮಿಸದೆ ಇದು ಸರಿಹೋಗದು. ಮೈಸೂರಿನಲ್ಲಿ 1969ರಿಂದ ಇರುವ ಭಾರತೀಯ ಭಾಷಾ ಸಂಸ್ಥಾನದಂಥ ಕಡೆಯ ಪರಿಣತಿಯನ್ನು ಈ ಕೆಲಸಕ್ಕೆ ಕೇಳಿಕೊಳ್ಳಬಹುದು.

ಕಾನೂನಿನ ವಿಚಾರಕ್ಕೆ ಬಂದರೆ, ಮೊದಲು ಒಂದು ಎಚ್ಚರಿಕೆ. ‘ಕಿರಿಕಿರಿ’ ಉಂಟುಮಾಡುವ ಸಂದೇಶವನ್ನೂ ಮೂರು ವರ್ಷದ ಜೈಲಿಗೆ ಅರ್ಹವಾಗಿಸಿದ್ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಕಲಮನ್ನು ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದು ರದ್ದುಗೊಳಿಸಿತು, ಅದು ಸರಿಯಾದ ತೀರ್ಪು. ಆ ಕಲಮು ಉಳಿದಿದ್ದರೆ ಮೊದಲು ಸಿಕ್ಕಿಬೀಳುತ್ತಿದ್ದವರು ರಾಜಕಾರಣಿಗಳನ್ನು ಗೇಲಿ ಮಾಡುವ ಹುಡುಗರು. ಬೆದರಿಕೆ ಮತ್ತು ಕಿರುಕುಳಕ್ಕೆ ಬೇರೆ ಕಲಮುಗಳು ಇದ್ದೇ ಇವೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಹೆಣ್ಣುಮಕ್ಕಳನ್ನು ಹಿಂಬಾಲಿಸಿ ಕಾಡುವುದಕ್ಕೆ 78ನೆಯ ಕಲಮು, ಅವರ ಮಾನಕ್ಕೆ ಧಕ್ಕೆ ತರುವ ಮಾತಿಗೆ 79, ಬೆದರಿಕೆಗೆ 351 ಅನ್ವಯಿಸುತ್ತವೆ. ಅಶ್ಲೀಲ ವಸ್ತು ಹರಡುವುದಕ್ಕೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 67 ಇದೆ. ಬಳಕೆದಾರರ ದೂರು ಕೇಳಲು ಒಬ್ಬ ದೂರು ಅಧಿಕಾರಿಯನ್ನು ನೇಮಿಸುವುದು 2021ರ ಮಾಹಿತಿ ತಂತ್ರಜ್ಞಾನ ನಿಯಮಗಳಂತೆ ಪ್ರತಿ ಸಾಮಾಜಿಕ ಜಾಲತಾಣಕ್ಕೂ ಕಡ್ಡಾಯ.

‘ಟ್ರೋಲ್‌ಗೆ ಮೇವು ಹಾಕಬೇಡಿ, ಸುಮ್ಮನಿರಿ’ ಎಂಬ ಯೂಸ್‌ನೆಟ್ ಕಾಲದ ಬುದ್ಧಿಮಾತನ್ನು ಇಂದಿಗೂ ಹೇಳುತ್ತಾರೆ. ಕೆಣಕಲೆಂದೇ ಬಂದ ಒಬ್ಬನಿದ್ದಾಗ ಅದು ಒಳ್ಳೆಯ ಸಲಹೆ. ಅಭಿಮಾನಿ ಬಳಗವೊಂದು ಹಿಂಡಾಗಿ ಬಂದಾಗ ಅದರಿಂದ ಪ್ರಯೋಜನವಿಲ್ಲ, ಏಕೆಂದರೆ ಅವರು ನಿಮ್ಮ ಉತ್ತರಕ್ಕಾಗಿ ಬಂದವರಲ್ಲ, ಒಬ್ಬರಿಗೊಬ್ಬರು ನಿಷ್ಠೆ ತೋರಿಸಲು ಬಂದವರು. ಅಂಥ ಹೊತ್ತಿನಲ್ಲಿ ಮೊದಲ ಕೆಲಸ ದಾಖಲೆ ಮಾಡುವುದು. ಸಿಟ್ಟಿನಲ್ಲಿ ಬ್ಲಾಕ್ ಮಾಡುವ ಮುನ್ನ ಸ್ಕ್ರೀನ್‌ಶಾಟ್ ತೆಗೆಯಬೇಕು. ಅದರಲ್ಲಿ ದಿನಾಂಕ ಕಾಣಬೇಕು. ಖಾತೆಯ ಹೆಸರನ್ನು ಯಾರು ಬೇಕಾದರೂ ರಾತ್ರೋರಾತ್ರಿ ಬದಲಿಸಬಹುದಾದ್ದರಿಂದ ಪ್ರೊಫೈಲಿನ ಲಿಂಕನ್ನೂ ಪೋಸ್ಟಿನ ಲಿಂಕನ್ನೂ ಬೇರೆ ಬೇರೆಯಾಗಿ ಬರೆದಿಟ್ಟುಕೊಳ್ಳಬೇಕು. ಈ ಕೆಲಸವನ್ನು ನೊಂದವರೇ ಮಾಡಬೇಕಿಲ್ಲ. ಆ ಬೈಗುಳಗಳನ್ನು ಮತ್ತೆ ಮತ್ತೆ ಓದುವುದೇ ಒಂದು ಶಿಕ್ಷೆ. ಮನೆಯವರೋ ಗೆಳತಿಯೋ ಕೂತು ಮಾಡಿಕೊಡಬಹುದು. ಕೇಂದ್ರ ಸರ್ಕಾರದ ಸೈಬರ್ ಅಪರಾಧ ಪೋರ್ಟಲ್ಲಿನಲ್ಲಿ ದೂರು ದಾಖಲಿಸಬಹುದು. ಮಂಡ್ಯದಲ್ಲೂ ಮೈಸೂರಿನಲ್ಲೂ ಸೈಬರ್ ಅಪರಾಧದ ದೂರು ಪಡೆಯುವ ಪೊಲೀಸ್ ಠಾಣೆಗಳಿವೆ.

ರಮ್ಯಾ ಅವರಿಗೆ ಆಯುಕ್ತರ ಕಚೇರಿಯವರೆಗೆ ಹೋಗುವ ದಾರಿ ಗೊತ್ತಿತ್ತು, ಅವರ ದೂರನ್ನು ಸುದ್ದಿವಾಹಿನಿಗಳು ಹೊತ್ತು ನಡೆದವು. ಬಸ್ ನಿಲ್ದಾಣದ ವಿಡಿಯೊದಲ್ಲಿ ಕಾಣಿಸಿಕೊಂಡ ಹೆಂಗಸಿಗೆ ದೂರು ಅಧಿಕಾರಿ ಎಂಬವರು ಇದ್ದಾರೆಂಬುದೇ ಗೊತ್ತಿರುವುದಿಲ್ಲ. ಆಕೆಯ ಮಟ್ಟಿಗೆ ಸುಲಭವಾಗಿ ತಲುಪಬಹುದಾದ ಸರ್ಕಾರಿ ಜಾಗವೆಂದರೆ ಗ್ರಾಮ ಪಂಚಾಯಿತಿ ಮತ್ತು ಅದರ ಗ್ರಂಥಾಲಯ. ಅಲ್ಲಿನ ಕಂಪ್ಯೂಟರಿನ ಮುಂದೆ ಕೂತು ಆಕೆಯ ಪರವಾಗಿ ಕನ್ನಡದಲ್ಲಿ ದೂರು ಬರೆದುಕೊಡಬಲ್ಲ ಒಬ್ಬರನ್ನು ತರಬೇತುಗೊಳಿಸುವುದಕ್ಕೆ ಹೊಸ ಕಾಯ್ದೆ ಬೇಕಿಲ್ಲ, ಜಿಲ್ಲಾ ಪಂಚಾಯಿತಿ ಮನಸ್ಸು ಮಾಡಿದರೆ ಸಾಕು.